ಮೆಮೊರಿ ಕಾರ್ಡಿನ ಎರಡನೆಯ ಪಾರ್ಟಿಶನ್

ಮೇಜಿನ ಖಾನೆಯಲ್ಲಿ ಬಹುಕಾಲ ಮಲಗಿದ್ದ ಆಂಡ್ರಾಯ್ಡ್ 2.3ರ ಫೋನೊಂದನ್ನು ಮತ್ತೆ ಬಳಕೆಗೆ ತರಲು ಹೊರಟಾಗ ಎದುರಾದ ಮೊದಲ ಅಡ್ಡಿ, ಆ ಕಾಲದ ಫೋನ್ ಇಟ್ಟುಕೊಂಡಿದ್ದವರೆಲ್ಲರಿಗೂ ಪರಿಚಿತವಾದದ್ದೇ: ಒಳಗಿನ 16 ಜಿಬಿ ಮೆಮೊರಿ ಕಾರ್ಡು ಮುಕ್ಕಾಲು ಪಾಲು ಖಾಲಿ ಇದ್ದರೂ, ಹತ್ತು ಹನ್ನೆರಡು ಆ್ಯಪ್ ಹಾಕುವಷ್ಟರಲ್ಲಿ ಜಾಗ ಸಾಲದೆಂಬ ಸೂಚನೆ ಕಾಣಿಸಿಕೊಂಡಿತು. ಫೋನಿನ ಸ್ವಂತ ಮೆಮೊರಿಯಲ್ಲಿ ಆ್ಯಪ್‌ಗಳಿಗೆಂದು ಉಳಿದಿದ್ದುದು ಸುಮಾರು 180 ಎಂಬಿ ಮಾತ್ರ. ಫೋನನ್ನು ರೂಟ್ ಮಾಡಿ, ಎಂದರೆ ಅದರ ಸಿಸ್ಟಂ ಕಡತಗಳನ್ನೂ ಬದಲಿಸುವ ಪೂರ್ಣ ಅಧಿಕಾರ ಪಡೆದು, ಕಾರ್ಡನ್ನು ಎರಡು ಪಾರ್ಟಿಶನ್‌ಗಳಾಗಿ, ಎಂದರೆ ಬೇರೆಬೇರೆ ವಿಭಾಗಗಳಾಗಿ, ಒಡೆದು, ಎರಡನೆಯದರಲ್ಲಿ ಆ್ಯಪ್‌ಗಳನ್ನು ಇರಿಸುವ ಹಳೆಯ ಉಪಾಯವನ್ನು ಮಾಡಿ ಮುಗಿಸಲು ನನಗೆ ಎರಡು ರಾತ್ರಿ ಹಿಡಿಯಿತು. ಅದರಲ್ಲಿ ಒಂದೂವರೆ ರಾತ್ರಿ ಕಳೆದದ್ದು ನನ್ನದೇ ತಪ್ಪುಗಳನ್ನು ತಿದ್ದುವುದರಲ್ಲಿ. ಆ ಎರಡನೆಯ ಪಾರ್ಟಿಶನ್ ಇದೆಯೆಂಬುದೇ ಫೋನಿಗೆ ತಾನಾಗಿ ತಿಳಿಯುವುದಿಲ್ಲ, ನಾವು ಹೇಳಿಕೊಡಬೇಕು. ಈ ಒಂದು ಮಾತು ಮೊದಲೇ ಮನಸ್ಸಿಗೆ ಇಳಿದಿದ್ದರೆ ಅಷ್ಟೂ ಸಮಯ ಉಳಿಯುತ್ತಿತ್ತು.

ಆ್ಯಪ್‌ಗಳನ್ನು ಕಾರ್ಡಿಗೆ ಕಳುಹಿಸುವ ಅಧಿಕೃತ ಸೌಲಭ್ಯ 2010ರಲ್ಲಿ ಬಂದ ಆಂಡ್ರಾಯ್ಡ್ 2.2ರಲ್ಲಿಯೇ ಇತ್ತಲ್ಲವೇ ಎಂದು ಕೆಲವರು ಕೇಳಬಹುದು. ಇತ್ತು, ಆದರೆ ಅರ್ಧಂಬರ್ಧವಾಗಿತ್ತು. ಅದು ಆ್ಯಪ್‌ನ ಎಪಿಕೆ ಕಡತವನ್ನು, ಎಂದರೆ ಆ್ಯಪ್ ಹಾಕಲು ಬಳಸುವ ಮೂಲ ಕಟ್ಟನ್ನು, ಮಾತ್ರ ಗೂಢಲಿಪಿಯ ಒಂದು ಪೆಟ್ಟಿಗೆಯಲ್ಲಿಟ್ಟು ಕಾರ್ಡಿನ ಅಡಗಿದ ಫೋಲ್ಡರಿಗೆ ಸಾಗಿಸುತ್ತಿತ್ತು. ಬಳಕೆದಾರರ ಮಾಹಿತಿ, ಡೇಟಾಬೇಸುಗಳು, ವೇಗಕ್ಕಾಗಿ ಸಿದ್ಧಪಡಿಸಿಟ್ಟ ಡೆಕ್ಸ್ ಎಂಬ ಕೋಡ್ ಕಡತ, ಲೈಬ್ರರಿಗಳು ಇವೆಲ್ಲ ಫೋನಿನ ಸ್ವಂತ ಮೆಮೊರಿಯಲ್ಲಿಯೇ ಉಳಿಯುತ್ತಿದ್ದವು. ಹೀಗಾಗಿ 10 ಎಂಬಿಯ ಆ್ಯಪ್ ಒಂದನ್ನು ಸಾಗಿಸಿದರೂ ಒಳಗಿನ ಜಾಗದಲ್ಲಿ ಅದರ ಅರ್ಧದಷ್ಟೂ ಬಿಡುವಾಗದಿರುವುದುಂಟು. ಇನ್ನೊಂದು ತೊಡಕೆಂದರೆ, ಫೋನನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ ಕಾರ್ಡನ್ನು ಅದಕ್ಕೆ ಬಿಟ್ಟುಕೊಟ್ಟ ಕ್ಷಣದಲ್ಲಿ ಕಾರ್ಡು ಫೋನಿನ ಕೈತಪ್ಪುತ್ತಿತ್ತು, ಅದರಲ್ಲಿದ್ದ ಆ್ಯಪ್‌ಗಳು ನಿಂತುಹೋಗುತ್ತಿದ್ದವು. ವಿಜೆಟ್, ಕೀಬೋರ್ಡ್, ಅಲಾರಂ ಮುಂತಾದವನ್ನು ಕಾರ್ಡಿಗೆ ಕಳುಹಿಸಬಾರದು ಎಂಬ ನಿಯಮ ಬಂದದ್ದು ಇದೇ ಕಾರಣಕ್ಕೆ.

ರೂಟ್ ಮಾಡಿದವರ ಉಪಾಯ ಇದಕ್ಕಿಂತ ಸರಳವೂ ದಿಟ್ಟವೂ ಆದದ್ದು. ಕಾರ್ಡಿನಲ್ಲಿ ಲಿನಕ್ಸ್ ಬಗೆಯ ಪಾರ್ಟಿಶನ್ ಒಂದನ್ನು ಮಾಡಿ, ಆ್ಯಪ್‌ನ ಕಡತಗಳನ್ನು ಅಲ್ಲಿಗೆ ಸರಿಸಿ, ಅವು ಮೊದಲಿದ್ದ ಜಾಗದಲ್ಲಿ ಒಂದು ಸಿಂಬಾಲಿಕ್ ಲಿಂಕ್ ಅನ್ನು, ಎಂದರೆ ಮೂಲ ಕಡತದ ವಿಳಾಸವನ್ನಷ್ಟೇ ಹೊತ್ತ ಪುಟ್ಟ ಕೊಂಡಿಯನ್ನು, ಬಿಟ್ಟು ಬರುವುದು. ಆಂಡ್ರಾಯ್ಡ್ ಎಂದಿನ ಜಾಗದಲ್ಲಿ ಹುಡುಕುತ್ತದೆ, ಕೊಂಡಿಯನ್ನು ಹಿಡಿದು ಕಾರ್ಡಿಗೆ ಹೋಗುತ್ತದೆ, ಆ್ಯಪ್ ಒಳಗೇ ಇದೆಯೆಂದು ನಂಬಿ ಮುಂದುವರಿಯುತ್ತದೆ. ಲಿಂಕ್2ಎಸ್‌ಡಿ ಎಂಬ ಆ್ಯಪ್ ಮಾಡುವುದು ಇದನ್ನೇ. ಕಾರ್ಡಿಗೆ ಕಾರ್ಖಾನೆಯಿಂದಲೇ ಬರುವ ಫ್ಯಾಟ್32 ಎಂಬ ಕಡತ ವ್ಯವಸ್ಥೆಯಲ್ಲಿ, ಎಂದರೆ ಕಡತಗಳನ್ನು ಜೋಡಿಸಿಡುವ ಪದ್ಧತಿಯಲ್ಲಿ, ಲಿನಕ್ಸ್ ಬಯಸುವ ಇಂತಹ ಕೊಂಡಿಗಳಾಗಲಿ, ಯಾವ ಕಡತ ಯಾರದು, ಯಾರು ಓದಬಹುದು ಎಂಬ ಲೆಕ್ಕವಾಗಲಿ ಇಲ್ಲ. ಆಂಡ್ರಾಯ್ಡ್ ಪ್ರತಿಯೊಂದು ಆ್ಯಪ್‌ಗೂ ಲಿನಕ್ಸ್‌ನ ಬೇರೆಬೇರೆ ಬಳಕೆದಾರ ಸಂಖ್ಯೆಯನ್ನು ಕೊಟ್ಟು ಒಂದರ ಮಾಹಿತಿಯನ್ನು ಮತ್ತೊಂದು ಮುಟ್ಟದಂತೆ ಕಾಯುವ ವ್ಯವಸ್ಥೆಯಾದುದರಿಂದ, ಒಡೆತನದ ಲೆಕ್ಕವಿಲ್ಲದ ಕಡೆ ಆ್ಯಪ್‌ನ ಮನೆಯನ್ನು ಕಟ್ಟುವುದು ಬೀಗವಿಲ್ಲದ ಬಾಗಿಲಿಟ್ಟಂತೆ. ಆದ್ದರಿಂದ ಎರಡನೆಯ ಪಾರ್ಟಿಶನ್‌ಗೆ ಎಕ್ಸ್‌ಟ್2, ಎಕ್ಸ್‌ಟ್3, ಎಕ್ಸ್‌ಟ್4 ಎಂಬ ಲಿನಕ್ಸ್ ಕಡತ ವ್ಯವಸ್ಥೆಗಳಲ್ಲಿ ಒಂದು ಬೇಕು.

ಕ್ರಮದ ವಿಷಯದಲ್ಲಿ ನಾನು ಮೊದಲು ಎಡವಿದೆ. ಆ ಕಾಲದ ಆಂಡ್ರಾಯ್ಡ್ ಕಾರ್ಡಿನ ಮೊದಲ ಪಾರ್ಟಿಶನ್ನನ್ನು ತನ್ನ ಫೋಟೊ, ಹಾಡು, ಡೌನ್‌ಲೋಡುಗಳ ಜಾಗವೆಂದು ತಾನಾಗಿಯೇ ತೆರೆದುಕೊಳ್ಳುತ್ತದೆ. ಆದ್ದರಿಂದ ಫ್ಯಾಟ್32 ಮೊದಲಿಗಿರಬೇಕು, ಎಕ್ಸ್‌ಟ್ ಅದರ ನಂತರ. ಇವನ್ನು ಅದಲುಬದಲು ಮಾಡಿದರೆ ಕಾರ್ಡು ಹಾಳಾಗಿದೆ, ಫಾರ್ಮ್ಯಾಟ್ ಮಾಡಲೇ ಎಂದು ಫೋನ್ ಕೇಳುತ್ತದೆ. ಒಪ್ಪಿದರೆ ಮಾಡಿದ ಕೆಲಸವೆಲ್ಲ ಹೋಯಿತು. ಇಷ್ಟನ್ನು ನಾನು ಓದಿ ತಿಳಿದಿದ್ದೆ. ತಿಳಿಯದೇ ಇದ್ದದ್ದು, ಎರಡೂ ಪ್ರೈಮರಿ ಬಗೆಯವಾಗಿರಬೇಕು ಎಂಬುದು. ಕಂಪ್ಯೂಟರಿನ ಪಾರ್ಟಿಶನ್ ತಂತ್ರಾಂಶ ತಾನಾಗಿ ಮುಂದಿಟ್ಟ ಲಾಜಿಕಲ್ ಎಂಬ ಆಯ್ಕೆಯನ್ನು ನಾನು ಗಮನಿಸದೆ ಒಪ್ಪಿಕೊಂಡಿದ್ದೆ. ಪಾರ್ಟಿಶನ್‌ಗಳ ವಿವರ ಬರೆದಿಡುವ ಹಳೆಯ ಎಂಬಿಆರ್ ಪದ್ಧತಿಯ ಪಟ್ಟಿಯಲ್ಲಿ ಪ್ರೈಮರಿ ಪಾರ್ಟಿಶನ್‌ಗಳಿಗೆ ನಾಲ್ಕೇ ಸ್ಥಾನಗಳಿವೆ. ಲಾಜಿಕಲ್ ಪಾರ್ಟಿಶನ್‌ಗಳು ಎಕ್ಸ್‌ಟೆಂಡೆಡ್ ಎಂಬ ಹೊರಕವಚದೊಳಗೆ ಕುಳಿತು 5ರಿಂದ ಆರಂಭವಾಗುವ ಸಂಖ್ಯೆ ಪಡೆಯುತ್ತವೆ. ಲಿಂಕ್2ಎಸ್‌ಡಿ ಹುಡುಕುತ್ತಿದ್ದದ್ದು 2ನೆಯ ಸಂಖ್ಯೆಯ ಪಾರ್ಟಿಶನ್ನನ್ನು, ಅಲ್ಲಿ ಇದ್ದದ್ದು ಬರಿಯ ಹೊರಕವಚ. ಕಂಪ್ಯೂಟರಿನಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತಿದ್ದುದರಿಂದ ಫೋನಿನ ಮೇಲೆಯೇ ಅನುಮಾನಪಟ್ಟು ಒಂದು ಸಂಜೆ ಕಳೆದೆ.

ಇದಕ್ಕೂ ಮೊದಲು ಅರ್ಧ ಗಂಟೆ ಹೋದದ್ದು ಇನ್ನೂ ಕ್ಷುಲ್ಲಕ ಕಾರಣಕ್ಕೆ: ಸಣ್ಣ ಕಾರ್ಡನ್ನು ಕಾರ್ಡ್ ರೀಡರಿಗೆ ಹಾಕಲು ಬಳಸಿದ ಅಡಾಪ್ಟರಿನ ಪಕ್ಕದ ಪುಟ್ಟ ಜಾರುಗುಂಡಿ ಲಾಕ್ ಕಡೆಗೆ ಸರಿದಿತ್ತು.

ಪಾರ್ಟಿಶನ್ ಮಾಡಲು ಎರಡು ದಾರಿಗಳಿವೆ. ಕ್ಲಾಕ್‌ವರ್ಕ್‌ಮಾಡ್ ಅಥವಾ ಟಿಡಬ್ಲ್ಯುಆರ್‌ಪಿ ರಿಕವರಿ, ಎಂದರೆ ಆಂಡ್ರಾಯ್ಡ್‌ನ ಹೊರಗೆ ನಡೆಯುವ ದುರಸ್ತಿ ತಂತ್ರಾಂಶ, ಇರುವ ಫೋನಿನಲ್ಲಿ ಅದಕ್ಕೆಂದೇ ಒಂದು ಆಯ್ಕೆ ಇರುತ್ತದೆ. ಎಕ್ಸ್‌ಟ್ ಎಷ್ಟು, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಎಷ್ಟು ಎಂದು ಕೇಳಿ, ಕಾರ್ಡಿನಲ್ಲಿರುವುದನ್ನೆಲ್ಲ ಅಳಿಸಿ, ಉಳಿದುದನ್ನು ಫ್ಯಾಟ್32 ಮಾಡಿಕೊಡುತ್ತದೆ. ಕಂಪ್ಯೂಟರ್ ದೂರವಿದ್ದಾಗ ಇದು ಸಾಕು. ನಾನು ಕಾರ್ಡ್ ರೀಡರ್ ಮತ್ತು ಕಂಪ್ಯೂಟರಿನ ಜಿಪಾರ್ಟೆಡ್ ಎಂಬ ಪಾರ್ಟಿಶನ್ ತಂತ್ರಾಂಶದ ದಾರಿಯನ್ನೇ ಮೆಚ್ಚುತ್ತೇನೆ, ಏಕೆಂದರೆ ಯಾವ ಪಾರ್ಟಿಶನ್ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ, ಮತ್ತು ತಪ್ಪು ಸಾಧನವನ್ನು ಆಯ್ದುಕೊಳ್ಳುವ ಅಪಾಯ ಕಡಿಮೆ. ಫೋನಿನೊಳಗಿಂದಲೇ ಆದೇಶ ಬರೆದು ಪಾರ್ಟಿಶನ್ ಮಾಡುವವರು ಇದನ್ನು ಎರಡು ಸಲ ಓದಬೇಕು: ಕೆಲವು ಹಳೆಯ ಫೋನುಗಳಲ್ಲಿ ಎಂಎಂಸಿ ಬ್ಲಾಕ್ 0 ಎಂಬ ಸಾಧನದ ಹೆಸರಿನ ಅರ್ಥ ಮೆಮೊರಿ ಕಾರ್ಡು, ಆದರೆ ಇಎಂಎಂಸಿ ಬಗೆಯ ಒಳ ಮೆಮೊರಿ ಇರುವ ಫೋನುಗಳಲ್ಲಿ ಸಾಮಾನ್ಯವಾಗಿ 0 ಎಂದರೆ ಫೋನಿನ ಸ್ವಂತ ಮೆಮೊರಿ, ಕಾರ್ಡು 1. ಒಂದು ಫೋನಿಗೆ ಬರೆದ ಆದೇಶವನ್ನು ಇನ್ನೊಂದರಲ್ಲಿ ಕಣ್ಣುಮುಚ್ಚಿ ಒತ್ತಿದರೆ ಹೋಗುವುದು ಕಾರ್ಡಲ್ಲ, ಫೋನೇ.

ಯಾವ ದಾರಿ ಹಿಡಿದರೂ ಕಾರ್ಡಿನಲ್ಲಿರುವುದನ್ನು ಮೊದಲು ಬೇರೆಡೆ ನಕಲಿಸಿಕೊಳ್ಳಬೇಕು. ಈ ಹಿಂದೆ ಅಧಿಕೃತ ಸೌಲಭ್ಯದಿಂದ ಕಾರ್ಡಿಗೆ ಸಾಗಿಸಿದ ಆ್ಯಪ್‌ಗಳಿದ್ದರೆ ಅವನ್ನು ಮೊದಲೇ ಫೋನಿಗೆ ವಾಪಸು ತರುವುದು ಒಳ್ಳೆಯದು, ಅವು ಅಡಗಿದ ಫೋಲ್ಡರಿನಲ್ಲಿ ಇರುವುದರಿಂದ ನಕಲಿಸುವಾಗ ಕೈತಪ್ಪಿಹೋಗುತ್ತವೆ. ವಿಂಡೋಸ್ ಬಳಸುವವರಿಗೆ ಇನ್ನೂ ಒಂದು ಎಚ್ಚರಿಕೆ ಇದೆ. 2017ರಲ್ಲಿ ಬಂದ ವಿಂಡೋಸ್ 10ರ 1703ನೆಯ ಆವೃತ್ತಿಗೆ ಮುಂಚಿನ ವಿಂಡೋಸ್‌ಗಳು ಇಂತಹ ಕಾರ್ಡಿನ ಮೊದಲ ಪಾರ್ಟಿಶನ್ನನ್ನು ಮಾತ್ರ ತೋರಿಸುತ್ತಿದ್ದವು, ಎರಡನೆಯದರ ಗೊಡವೆಗೆ ಹೋಗುತ್ತಿರಲಿಲ್ಲ. ಅನಂತರದವು ಎಕ್ಸ್‌ಟ್ ಪಾರ್ಟಿಶನ್ನನ್ನು ಕಂಡು, ಓದಲು ಬಾರದೆ, ಇದನ್ನು ಫಾರ್ಮ್ಯಾಟ್ ಮಾಡಬೇಕು ಎಂದು ಪ್ರತಿ ಸಲವೂ ಕೇಳುತ್ತವೆ. ಅಭ್ಯಾಸಬಲದಿಂದ ಒಪ್ಪಿಗೆಯ ಗುಂಡಿ ಒತ್ತಿ ಎಲ್ಲ ಆ್ಯಪ್‌ಗಳನ್ನೂ ಕಳೆದುಕೊಳ್ಳಲು ಒಂದೇ ಕ್ಷಣ ಸಾಕು.

ಪಾರ್ಟಿಶನ್ ಆರಂಭವಾಗುವ ಜಾಗದ ಬಗ್ಗೆ ಬಹಳ ಮಂದಿ ತಲೆಕೆಡಿಸಿಕೊಳ್ಳುವುದಿಲ್ಲ. ಕಾರ್ಡಿನೊಳಗಿನ ಫ್ಲ್ಯಾಶ್ ಮೆಮೊರಿ ಒಂದೊಂದೇ ಬೈಟನ್ನು ಅಳಿಸಲಾರದು, ದೊಡ್ಡ ತುಂಡುಗಳಾಗಿಯೇ ಅಳಿಸುತ್ತದೆ. ಪಾರ್ಟಿಶನ್ ಈ ತುಂಡುಗಳ ಅಂಚಿಗೆ ಹೊಂದಿಕೊಂಡಿದ್ದರೆ ಬರೆಯುವ ಕೆಲಸ ಹಗುರ. ಎರಡು ತುಂಡುಗಳ ನಡುವೆ ಕಾಲು ಚಾಚಿ ಕುಳಿತಿದ್ದರೆ ಒಂದು ಸಣ್ಣ ಬರಹಕ್ಕೂ ಕಾರ್ಡು ಎರಡರಷ್ಟು ದುಡಿಯಬೇಕಾಗಬಹುದು. ಹಳೆಯ ತಂತ್ರಾಂಶಗಳು ಹಾರ್ಡ್ ಡಿಸ್ಕಿನ ಕಾಲದ ರೂಢಿಯಂತೆ 63ನೆಯ ಸೆಕ್ಟರಿನಿಂದ ಆರಂಭಿಸುತ್ತಿದ್ದವು, ಅದು ಯಾವ ಅಂಚಿಗೂ ಹೊಂದದ ಸಂಖ್ಯೆ. ಒಂದು ಸೆಕ್ಟರಿಗೆ 512 ಬೈಟುಗಳ ಲೆಕ್ಕದಲ್ಲಿ 8192ನೆಯ ಸೆಕ್ಟರ್ ಎಂದರೆ ಸರಿಯಾಗಿ 4 ಎಂಬಿ. ಮೊದಲ ಪಾರ್ಟಿಶನ್ನನ್ನು ಅಲ್ಲಿಂದ ಆರಂಭಿಸಿ, ಎರಡನೆಯದರ ಆರಂಭವನ್ನೂ 4 ಎಂಬಿಯ ಗುಣಕದಲ್ಲಿಯೇ ಇರಿಸಿದೆ.

ಎಕ್ಸ್‌ಟ್‌ನ ಮೂರು ಆವೃತ್ತಿಗಳಲ್ಲಿ ಯಾವುದು ಎಂಬ ಚರ್ಚೆ ಹಳೆಯದು. ಎಕ್ಸ್‌ಟ್2ರಲ್ಲಿ ಜರ್ನಲ್ ಇಲ್ಲ, ಎಂದರೆ ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ಕಡೆ ಗುರುತು ಹಾಕಿಕೊಳ್ಳುವ ಪದ್ಧತಿ ಇಲ್ಲ. ಆದ್ದರಿಂದ ಬರಹ ಕಡಿಮೆ, ಕಾರ್ಡಿನ ಆಯುಸ್ಸು ಹೆಚ್ಚು ಎನ್ನುವುದು ಅದರ ಪರವಾದ ವಾದ. ಆ ಉಳಿತಾಯಕ್ಕಾಗಿ ನಾನು ಜರ್ನಲ್ ಬಿಟ್ಟುಕೊಡಲಾರೆ. ಹಳೆಯ ಫೋನಿನ ಬ್ಯಾಟರಿ ಯಾವಾಗ ಕೈಕೊಡುತ್ತದೋ ಹೇಳಲಾಗದು, ಬರೆಯುತ್ತಿರುವಾಗಲೇ ಫೋನ್ ಆರಿದರೆ ಎಕ್ಸ್‌ಟ್2 ಗೊಂದಲಕ್ಕೀಡಾಗುವ ಸಂಭವ ಹೆಚ್ಚು, ಮತ್ತು ಆ್ಯಪ್‌ನ ಕಡತಗಳು ಹಾಕಿದಾಗ ಒಮ್ಮೆ ಬರೆದು ಆಮೇಲೆ ಓದುವಂಥವೇ ಆದುದರಿಂದ ಜರ್ನಲಿನ ಹೊರೆಯೂ ಅಷ್ಟಕ್ಕಷ್ಟೆ. ಹೀಗೆ ನಿಶ್ಚಯಿಸಿ ಎಕ್ಸ್‌ಟ್4 ಮಾಡಿದೆ, ಅದನ್ನು ಮೌಂಟ್ ಮಾಡಲು, ಎಂದರೆ ಫೋನಿಗೆ ಜೋಡಿಸಿ ತೆರೆಯಲು, ಹೋದಾಗ ‘ನೋ ಸಚ್ ಡಿವೈಸ್’ ಎಂಬ ಉತ್ತರ ಬಂತು. ಕಾರ್ಡೇ ಸಿಕ್ಕಿಲ್ಲವೆಂದು ತಿಳಿದು ಅದನ್ನು ತೆಗೆದೆ, ಒರೆಸಿದೆ, ಮತ್ತೆ ಹಾಕಿದೆ. ಲಿನಕ್ಸ್‌ನಲ್ಲಿ ಮೌಂಟ್ ಆದೇಶ ಈ ಮಾತನ್ನು ಹೇಳಿದರೆ ಅದರ ಅರ್ಥ ಬೇರೆಯೇ: ನೀವು ಹೆಸರಿಸಿದ ಕಡತ ವ್ಯವಸ್ಥೆ ಈ ಕರ್ನಲಿಗೆ, ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಗೊತ್ತಿಲ್ಲ ಎಂದು. ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದರೆ ಬಹುಮಟ್ಟಿಗೆ ಪಾರ್ಟಿಶನ್ ಇದೆ, ಆದರೆ ಅದರೊಳಗೆ ನೀವು ಹೇಳಿದ ಬಗೆಯ ವ್ಯವಸ್ಥೆ ಇಲ್ಲ ಎಂದು. ‘ನೋ ಸಚ್ ಫೈಲ್’ ಎಂದರೆ ಪಾರ್ಟಿಶನ್ನೋ ಅದನ್ನು ಜೋಡಿಸಬೇಕಾದ ಫೋಲ್ಡರೋ ಇಲ್ಲ ಎಂದು. ಈ ಮೂರು ಮಾತುಗಳ ವ್ಯತ್ಯಾಸ ತಿಳಿದ ಮೇಲೆ ಉಳಿದದ್ದು ಹತ್ತು ನಿಮಿಷದ ಕೆಲಸ. ನನ್ನ ಫೋನಿನ ಕರ್ನಲಿಗೆ ಎಕ್ಸ್‌ಟ್3 ಗೊತ್ತಿತ್ತು, ಅದರಲ್ಲಿಯೂ ಜರ್ನಲ್ ಇದೆ, ಅದಕ್ಕೇ ಇಳಿದೆ.

ಸ್ವಾಪ್ ಪಾರ್ಟಿಶನ್ ಬೇಡ. ಕಾರ್ಡಿನ ಮೇಲೆ ರ‍್ಯಾಮಿನ ಭಾರ ಹೊರಿಸಿದರೆ ಫೋನ್ ನಿಧಾನವಾಗುತ್ತದೆ, ಕಾರ್ಡು ಬೇಗ ಸವೆಯುತ್ತದೆ.

ಗಾತ್ರದ ವಿಷಯದಲ್ಲಿ ಆಸೆಪಡುವುದು ಸುಲಭ. 16 ಜಿಬಿಯಲ್ಲಿ 4 ಜಿಬಿಯನ್ನು ಎಕ್ಸ್‌ಟ್‌ಗೆ ಕೊಡೋಣವೆಂದು ನನಗೂ ಅನಿಸಿತ್ತು. ಆದರೆ ಎಪಿಕೆ, ಲೈಬ್ರರಿ, ಡೆಕ್ಸ್ ಈ ಮೂರನ್ನೂ ಕಾರ್ಡಿಗೆ ಕಳುಹಿಸಿದರೂ ಪ್ರತಿ ಆ್ಯಪ್‌ನ ಸ್ವಂತ ಮಾಹಿತಿ ಫೋನಿನೊಳಗೇ ಉಳಿಯುತ್ತದೆ, ಮತ್ತು 180 ಎಂಬಿಯ ಆ ಜಾಗ ತುಂಬುವ ಹೊತ್ತಿಗೆ ಕಾರ್ಡಿನ 1 ಜಿಬಿಯೂ ತುಂಬಿರುವುದಿಲ್ಲ. ಮಾಹಿತಿಯನ್ನೂ ಕಳುಹಿಸುವ ದಾರಿಯುಂಟು, ಆದರೆ ಡೇಟಾಬೇಸುಗಳು ಪದೇ ಪದೇ ಅಲ್ಲಲ್ಲಿ ಚೂರುಚೂರಾಗಿ ಬರೆಯುವಂಥವು, ಸಾಮಾನ್ಯ ಕಾರ್ಡುಗಳು ಅತ್ಯಂತ ತಡವರಿಸುವುದು ಇಂತಹ ಬರಹಕ್ಕೇ. ಕಾರ್ಡಿನ ಮೇಲೆ ಅಚ್ಚಾಗಿರುವ ಕ್ಲಾಸ್ 4, ಕ್ಲಾಸ್ 10 ಎಂಬ ಅಂಕಿಗಳು ವಿಡಿಯೊದಂತೆ ಒಂದೇ ಸಮನೆ ಬರೆಯುವ ವೇಗವನ್ನಷ್ಟೇ ಹೇಳುತ್ತವೆ. ಆ್ಯಪ್‌ಗಳಿಗೆ ಬೇಕಾದ ಚದುರಿದ ಓದು ಬರಹದ ಅಳತೆ 2016ರಲ್ಲಿ ಎ1 ಎಂಬ ಗುರುತಾಗಿ ಬಂತು. ಸೆಕೆಂಡಿಗೆ ಕನಿಷ್ಠ 1500 ಓದು, 500 ಬರಹ ಅದರ ಷರತ್ತು. ಆಯ್ಕೆಯಿದ್ದರೆ ಆ ಗುರುತಿನ ಕಾರ್ಡನ್ನೇ ಹಿಡಿಯುವುದು ಲೇಸು.

ಇನ್ನು ಫೋನಿಗೆ ಹೇಳಿಕೊಡುವ ಕೆಲಸ. ರೂಟ್ ಬೇಕಾಗುವುದು ಮುಖ್ಯವಾಗಿ ಇಲ್ಲಿಯೇ. ಫೋನ್ ಆರಂಭವಾಗುವಾಗ ಆಂಡ್ರಾಯ್ಡ್ ತನ್ನಲ್ಲಿರುವ ಆ್ಯಪ್‌ಗಳನ್ನೆಲ್ಲ ಒಮ್ಮೆ ಎಣಿಸಿಕೊಳ್ಳುತ್ತದೆ. ಆ ಎಣಿಕೆಗೆ ಮುಂಚೆಯೇ ಎರಡನೆಯ ಪಾರ್ಟಿಶನ್ ಮೌಂಟ್ ಆಗಿರಬೇಕು, ಇಲ್ಲವಾದರೆ ಕೊಂಡಿಗಳು ಎಲ್ಲಿಗೂ ತಲುಪದೆ ಆ ಆ್ಯಪ್‌ಗಳು ಇಲ್ಲವೆಂದೇ ಲೆಕ್ಕವಾಗುತ್ತದೆ. ಲಿಂಕ್2ಎಸ್‌ಡಿ ಇದಕ್ಕಾಗಿ ಸಿಸ್ಟಂ ಭಾಗದಲ್ಲಿ ಒಂದು ಸಣ್ಣ ಸ್ಕ್ರಿಪ್ಟನ್ನು ಬರೆದಿಡುತ್ತದೆ, ಪಾರ್ಟಿಶನ್ ಯಾವ ಬಗೆಯದೆಂದು ಕೇಳಿ, ಮರುಚಾಲನೆ ಮಾಡಲು ಹೇಳುತ್ತದೆ. ಮರುಚಾಲನೆಯ ನಂತರ ಸಂಗ್ರಹದ ವಿವರದಲ್ಲಿ ಎರಡನೆಯ ಪಾರ್ಟಿಶನ್‌ನ ಗಾತ್ರ ಕಂಡ ಮೇಲೆಯೇ ಮೊದಲ ಆ್ಯಪ್ ಸರಿಸಬೇಕು, ಅದೂ ಕಳೆದುಹೋದರೂ ಚಿಂತೆಯಿಲ್ಲದಂಥದ್ದನ್ನು.

ಆಂಡ್ರಾಯ್ಡ್ 6.0 ಅಥವಾ ಮುಂದಿನದು ಇರುವವರಿಗೆ ಈ ಸರ್ಕಸ್ಸು ಬಹುಮಟ್ಟಿಗೆ ಬೇಕಿಲ್ಲ. 2015ರಲ್ಲಿ ಬಂದ ಆ ಆವೃತ್ತಿ ಕಾರ್ಡನ್ನು ತನ್ನದಾಗಿ, ಎಂದರೆ ಒಳ ಮೆಮೊರಿಯ ಭಾಗವಾಗಿ, ದತ್ತು ತೆಗೆದುಕೊಳ್ಳಬಲ್ಲದು. ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಶೆಲ್ ಮೂಲಕ ಎಸ್ಎಂ ಪಾರ್ಟಿಶನ್ ಆದೇಶಕ್ಕೆ ಮಿಕ್ಸೆಡ್ 50 ಎಂದು ಸೇರಿಸಿದರೆ ಅರ್ಧ ಕಾರ್ಡು ಹಾಡು ಫೋಟೊಗಳಿಗೆ, ಇನ್ನರ್ಧ ಆ್ಯಪ್‌ಗಳಿಗೆ ಎಂದು ಹಂಚುತ್ತದೆ, ಇದಕ್ಕೆ ರೂಟ್ ಸಹ ಬೇಡ. ಆದರೆ ದತ್ತು ಪಡೆದ ಭಾಗ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಫೋನಿನೊಳಗೆ ಮಾತ್ರ ಇರುತ್ತದೆ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಕಾರ್ಡಿನ ಆ ಅರ್ಧವನ್ನು ಮತ್ತೆ ಓದಲಾಗದು. ಎಕ್ಸ್‌ಟ್ ಪಾರ್ಟಿಶನ್ನನ್ನಾದರೆ ಯಾವ ಲಿನಕ್ಸ್ ಕಂಪ್ಯೂಟರಿನಲ್ಲಾದರೂ ತೆರೆದು ನೋಡಬಹುದು.

ಕಾರ್ಡನ್ನು ದೊಡ್ಡದಕ್ಕೆ ಬದಲಿಸಬೇಕಾಗಿ ಬಂದಾಗ ಕಡತಗಳನ್ನು ಎಳೆದು ಹಾಕಿದರೆ ಒಡೆತನದ ಲೆಕ್ಕ ಕೆಡುವ ಸಂಭವ ಇರುವುದರಿಂದ, ಡಿಡಿ ಆದೇಶದಿಂದ ಇಡೀ ಕಾರ್ಡಿನ ಪ್ರತಿಬಿಂಬ ತೆಗೆದು ಹೊಸದಕ್ಕೆ ಇಳಿಸುವುದೇ ಸರಿ. ಆಗ ಹೆಚ್ಚುವರಿ ಜಾಗ ಕಾರ್ಡಿನ ಕೊನೆಯಲ್ಲಿ ಉಳಿಯುತ್ತದೆ. ಅದು ಫ್ಯಾಟ್32ಗೆ ಸೇರಬೇಕಾದರೆ ನಡುವೆ ನಿಂತಿರುವ ಎಕ್ಸ್‌ಟ್ ಪಾರ್ಟಿಶನ್ನನ್ನು ಮೊದಲು ಕೊನೆಗೆ ಸರಿಸಿ, ಆಮೇಲೆ ಮೊದಲಿಗಿರುವ ಫ್ಯಾಟ್32 ಅನ್ನು ಹಿಗ್ಗಿಸಬೇಕು. ಜಿಪಾರ್ಟೆಡ್ ಇವೆರಡನ್ನೂ ಮಾಡುತ್ತದೆ, ನಿಧಾನವಾಗಿ. ಆ ಹೊತ್ತಿನಲ್ಲಿ ಕಾರ್ಡ್ ರೀಡರನ್ನು ಮುಟ್ಟಬಾರದು, ಮತ್ತು ಹೊಸ ಕಾರ್ಡಿನಿಂದ ಫೋನ್ ಒಂದೆರಡು ಸಲ ಸರಿಯಾಗಿ ಆರಂಭವಾಗುವವರೆಗೆ ಹಳೆಯದನ್ನು ಅಳಿಸಬಾರದು.