ದೋಷ ಹೊಕ್ಕ ಕಮಿಟ್ ಯಾವುದು?

ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್‌ಗಾಗಿ ಬರೆಯಲಾರಂಭಿಸಿದ, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಅನ್ನು ನಾವು ದಿನವಿಡೀ ಬಳಸುತ್ತೇವಾದರೂ, ದೋಷ ತಂದ ಬದಲಾವಣೆಯನ್ನು ಹುಡುಕಿಕೊಡುವ ಅದರ ಬೈಸೆಕ್ಟ್ ಆದೇಶವನ್ನು ರೂಢಿಸಿಕೊಂಡವರು ನನ್ನ ಸುತ್ತ ವಿರಳ. ಇತ್ತೀಚೆಗೆ ನಾವು ನೋಡಿಕೊಳ್ಳುವ ತಾಣವೊಂದರಲ್ಲಿ ‘ರ‍್ಯಾಂಕ್’ ಎಂಬ ಪದ ಇದ್ದಕ್ಕಿದ್ದಂತೆ ಅರ್ಕಾವತ್ತಿನೊಡನೆ ‘ರ್ಯಾಂಕ್’ ಎಂದು ಮೂಡತೊಡಗಿತು. ಫಾಂಟ್‌ನದೇ ತಪ್ಪೆಂದು ಎಲ್ಲರೂ ಅದರ ಬೆನ್ನು ಹತ್ತಿದರು. ಪಾಪ, ಫಾಂಟ್ ಯಾವಾಗಲೂ ಮೊದಲ ಆರೋಪಿ.

ಬೈಸೆಕ್ಟ್‌ಗೆ ಸರಿಯಿದ್ದ ಹಳೆಯ ಕಮಿಟ್ (ದಾಖಲಾದ ಬದಲಾವಣೆ) ಒಂದನ್ನೂ ಕೆಟ್ಟಿರುವ ಹೊಸದೊಂದನ್ನೂ ಹೇಳಿದರೆ, ಅದು ನಡುವಿನದನ್ನು ತೆರೆದುಕೊಟ್ಟು, ನಮ್ಮ ಉತ್ತರದಂತೆ ಶಂಕಿತರ ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕಿಳಿಸುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಸುಮಾರು 10 ಪರೀಕ್ಷೆಗಳು ಸಾಕು. ಪರೀಕ್ಷೆಯನ್ನು ಸ್ಕ್ರಿಪ್ಟ್ ಆಗಿ ಬರೆದು ‘ಬೈಸೆಕ್ಟ್ ರನ್’ಗೆ ಒಪ್ಪಿಸಿದರೆ ಉತ್ತರಿಸುವ ಕೆಲಸವೂ ತಪ್ಪುತ್ತದೆ: ಸ್ಕ್ರಿಪ್ಟ್ 0 ಮರಳಿಸಿದರೆ ಸರಿ, 1 ಆದರೆ ಕೆಟ್ಟದ್ದು, ಬಿಲ್ಡ್ ಆಗದ (ಓಡುವ ಪ್ರೋಗ್ರಾಮ್ ಆಗಿ ಕಟ್ಟಲಾಗದ) ಕಮಿಟ್‌ಗೆ 125 ಕೊಟ್ಟರೆ ಅದನ್ನು ಬಿಟ್ಟು ಮುಂದುವರಿಯುತ್ತದೆ. ಈ 125 ಇಲ್ಲದಿದ್ದರೆ ನಮ್ಮಂಥ ಅಸ್ತವ್ಯಸ್ತ ಇತಿಹಾಸದ ರೆಪೊಸಿಟರಿಗಳಲ್ಲಿ ಈ ಸಾಧನ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು.

ನಮ್ಮ ತಾಣದಲ್ಲಿ ಹೀಗೆ ಸಿಕ್ಕಿದ್ದು ಒಂದೇ ಸಾಲಿನ ಬದಲಾವಣೆ. ಹುಡುಕಾಟ ಸುಲಭವಾಗಲೆಂದು ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತಗಳನ್ನೆಲ್ಲ ಅಳಿಸುವ ಆ ಸಾಲು, ‘ರ’ ಮತ್ತು ವಿರಾಮದ (ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯ) ನಡುವೆ ಕುಳಿತು ಯ-ಒತ್ತನ್ನು ಉಳಿಸುವ ಶೂನ್ಯ ಅಗಲದ ಜೋಡಕವನ್ನೂ ಗುಡಿಸಿ ಹಾಕಿತ್ತು. ಈಗ ಮೂಲ ಪಠ್ಯವನ್ನು ಮುಟ್ಟದೆ, ಹುಡುಕಾಟದ ಸೂಚಿಯಲ್ಲಿ ಮಾತ್ರ ಅದನ್ನು ತೆಗೆಯುತ್ತಿದ್ದೇವೆ.