ಕಾರು ಬಿಟ್ಟರೆ ನಿಮಗೆ ಬೇರೆ ಬದುಕಿಲ್ಲವೇ?

ಮದುವೆ ಮನೆಯಲ್ಲಿ ಕೇಳುತ್ತಾರೆ, ಕಚೇರಿಯಲ್ಲಿ ಕೇಳುತ್ತಾರೆ. ಬೆಳಿಗ್ಗೆ ಹಾಲು ತರಲು ಹೊರಟ ನೆರೆಯವರೂ ಬಾನೆಟ್ ಎತ್ತಿ ನಿಂತಿರುವ ನನ್ನನ್ನು ಕಂಡು ಎರಡು ನಿಮಿಷ ನಿಂತು ಕೇಳುತ್ತಾರೆ: “ಈ ಹಳೆಯ ಫಿಯೆಟ್ ಬಿಟ್ಟರೆ ನಿಮಗೆ ಬೇರೆ ಬದುಕಿಲ್ಲವೇ? ಮನೆಯವರು ಏನೂ ಅನ್ನುವುದಿಲ್ಲವೇ? ಭಾನುವಾರ ಹಳೆಯ ಕಾರಿನವರೆಲ್ಲ ಸೇರುತ್ತೀರಲ್ಲ, ಅಲ್ಲಿ ಕಾರಿನ ಮಾತಲ್ಲದೆ ಇನ್ನೇನು ಆಡುತ್ತೀರಿ?” ಕೇಳುವವರ ದನಿಯಲ್ಲಿ ಕುಹಕವಿರುವುದಿಲ್ಲ, ನಿಜವಾದ ಕುತೂಹಲವೇ ಇರುತ್ತದೆ. ಆದ್ದರಿಂದ ಉತ್ತರವನ್ನೂ ಮನಸ್ಸಿಟ್ಟೇ ಕೊಡಬೇಕು.

ಭಾನುವಾರದ ಕಾರಿನ ಮಾತು ಮೊದಲ ಲೋಟ ಕಾಫಿಯೊಂದಿಗೆ ಮುಗಿದಿರುತ್ತದೆ. ಆಮೇಲಿನದೆಲ್ಲ ಮನೆಯ ಮಾತು. ಒಬ್ಬರ ಮಗಳ ಪಿಯುಸಿ ಪರೀಕ್ಷೆ, ಇನ್ನೊಬ್ಬರ ತಾಯಿಯ ಮಂಡಿನೋವು, ಮತ್ತೊಬ್ಬರ ತಾರಸಿಯ ಗುಲಾಬಿಗೆ ತಗುಲಿದ ಹುಳು. ಇದು ಕಾರಿನ ಆಚೆಗಿನ ಬದುಕು ಎಂದು ಹೊರಗಿನವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಹಳೆಯ ಕಾರು ಇಟ್ಟುಕೊಂಡವರು ಇನ್ನೊಬ್ಬರ ಮನೆಯ ಬಾಗಿಲು ತಟ್ಟದೆ ಗತಿಯಿಲ್ಲ. ಅದಕ್ಕೆ ಕಾರಣ ತೀರಾ ವ್ಯಾವಹಾರಿಕವಾದದ್ದು.

ನಮ್ಮ ಬಳಗದ ಬಹುಪಾಲು ಕಾರುಗಳು ಪ್ರೀಮಿಯರ್ ಪದ್ಮಿನಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಇಟಲಿಯ ಫಿಯೆಟ್ 1100 ಕಾರನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. ಅದೇ ಕಾರು 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. 1,089 ಸಿಸಿಯ ಪುಟ್ಟ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಹಿಡಿ. 2000ದ ಹೊತ್ತಿಗೆ ತಯಾರಿಕೆ ನಿಂತಿತು. ಕೆಲವು ವರ್ಷ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬೇಕಾದುದೆಲ್ಲ ಸಿಗುತ್ತಿತ್ತು. ಬರಬರುತ್ತಾ ಅದೂ ಬರಿದಾಯಿತು. ಈಗ ಒಳ್ಳೆಯ ಬಿಡಿಭಾಗಗಳು ಇರುವುದು ಜನರ ಅಟ್ಟದ ಮೇಲೆ. ಅಪ್ಪ ಎಂದೋ ಕೊಂಡು ಕಾಗದ ಸುತ್ತಿಟ್ಟ ಗ್ಯಾಸ್ಕೆಟ್, ಚಿಕ್ಕಪ್ಪನ ಕಾರನ್ನು ಗುಜರಿಗೆ ಹಾಕುವಾಗ ಬಿಚ್ಚಿಟ್ಟುಕೊಂಡ ಡೈನಮೊ. ಅದನ್ನು ಕೇಳಲು ಹೋದರೆ ಯಾರೂ ಗೇಟಿನಲ್ಲೇ ಕೊಟ್ಟು ಕಳಿಸುವುದಿಲ್ಲ. ಒಳಗೆ ಕರೆಯುತ್ತಾರೆ, ಕೂರಿಸುತ್ತಾರೆ, ಉಪ್ಪಿಟ್ಟು ಬರುತ್ತದೆ. ಅಷ್ಟರಲ್ಲಿ ಗೋಡೆಯ ಮೇಲಿನ ಪಟಗಳು, ಕಿಟಕಿಯ ಪಕ್ಕದ ವೀಣೆ, ಒಳಕೋಣೆಯಿಂದ ಯಾರು ಬಂದರೆಂದು ವಿಚಾರಿಸುವ ಅಜ್ಜಿ ಎಲ್ಲರ ಪರಿಚಯವೂ ಆಗಿರುತ್ತದೆ. ಹೊಸ ಕಾರಿನವರಿಗೆ ಸರ್ವಿಸ್ ಸೆಂಟರ್ ಇದೆ. ನಮಗೆ ಇರುವುದು ಒಬ್ಬರಿಗೊಬ್ಬರ ಮನೆ.

ಬಸವನಗುಡಿಯಲ್ಲಿ ಹಿರಿಯರೊಬ್ಬರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರು. ನಾನು ಅವರಲ್ಲಿಗೆ ಹೋದದ್ದು, ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳಕ್ಕಾಗಿ. ಅವರ ನಡುಮನೆಯ ತುಂಬ ಗಾಜಿನ ವಾಲ್ವ್‌ಗಳ ಹಳೆಯ ರೇಡಿಯೊಗಳು: ಮರ್ಫಿ, ಫಿಲಿಪ್ಸ್, ಬುಷ್. ಅಂದು ಒಂದರ ಹಿಂಬದಿಯನ್ನು ಬಿಚ್ಚಿಟ್ಟಿದ್ದರು. ಸ್ಟೇಷನ್ ತಿರುಗಿಸುವ ಗುಂಡಿಗೂ ಒಳಗೆ ಸ್ಟೇಷನ್ ಹಿಡಿಯುವ ಕಂಡೆನ್ಸರಿಗೂ ನಡುವೆ ಒಂದು ತೆಳುವಾದ ದಾರ ಓಡುತ್ತದೆ. ಸಣ್ಣ ಸಣ್ಣ ರಾಟೆಗಳನ್ನು ಬಳಸಿ, ಒಂದು ಸ್ಪ್ರಿಂಗಿನಿಂದ ಬಿಗಿಯಾಗಿ ನಿಂತು, ಮುಳ್ಳನ್ನು ಎಡಬಲಕ್ಕೆ ಎಳೆಯುವುದು ಆ ದಾರವೇ. ಅದು ತುಂಡಾಗಿತ್ತು. ಅವರ ಬೆರಳು ಈಗ ಸ್ವಲ್ಪ ನಡುಗುತ್ತದೆ. ಮೊಮ್ಮಗಳು ಚಿಮಟದಲ್ಲಿ ದಾರದ ತುದಿ ಹಿಡಿದು ಒಂದೊಂದೇ ರಾಟೆ ದಾಟಿಸುತ್ತಿದ್ದಳು. “ಈಗ ಎಡಕ್ಕೆ, ಒಂದು ಸುತ್ತು, ಸಾಕು ಪುಟ್ಟಿ” ಎಂದು ತಾತ ಹೇಳುತ್ತಿದ್ದರು. ಕೊನೆಗೆ ಸ್ಪ್ರಿಂಗ್ ಸಿಕ್ಕಿಸಿ ಗುಂಡಿ ತಿರುಗಿಸಿದಾಗ ಮುಳ್ಳು ಆ ತುದಿಯಿಂದ ಈ ತುದಿಗೆ ಸರಾಗವಾಗಿ ಓಡಿತು. ಸ್ವಿಚ್ ಹಾಕಿ, ವಾಲ್ವ್‌ಗಳು ಕಾದು ಕೆಂಪಗಾಗುವ ತನಕ ಮೂವರೂ ಕಾದೆವು. ಮೊದಲು ಗೊರಗೊರ, ಆಮೇಲೆ ಮಾತು.

ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದನ್ನೂ, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂದದ್ದನ್ನೂ ತಾತ ಆ ಹುಡುಗಿಗೆ ಎಷ್ಟು ಅಭಿಮಾನದಿಂದ ಹೇಳಿದರೆಂದರೆ ನಾನು ಬಂದ ಕೆಲಸ ಮರೆತೇಬಿಟ್ಟೆ. ಮುಚ್ಚಳವನ್ನು ಅವರೇ ನೆನಪಿಸಿ ಕೊಟ್ಟರು. ಈಗ ನನ್ನ ಮಗ ಶನಿವಾರ ಅವರಲ್ಲಿಗೆ ಬೆಸುಗೆ ಹಾಕುವುದನ್ನು ಕಲಿಯಲು ಹೋಗುತ್ತಾನೆ. ಕಾರಿನ ಮೇಲೆ ಅವನಿಗೆ ಅಂಥ ಒಲವಿಲ್ಲ, ಇರಬೇಕೆಂದು ನಾನು ಬಯಸುವುದೂ ಇಲ್ಲ.

ನಮ್ಮ ಮೇಸ್ತ್ರಿಯ ವಿಷಯ ಹೇಳದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ, ಅದರ ಕವಾಟಗಳನ್ನು ತೆರೆಸುವ ಯಾವ ಟ್ಯಾಪೆಟ್ ಸಡಿಲವಾಗಿದೆ ಎಂದು ಹೇಳಬಲ್ಲವರು ಅವರು. ಸಂಜೆ ನಾಲ್ಕರ ಮೇಲೆ ಮಾತ್ರ ಗ್ಯಾರೇಜಿನಲ್ಲಿ ಸಿಗುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಮನೆಯ ತಾರಸಿಯಲ್ಲಿ ಪಾರಿವಾಳ ಸಾಕಿದ್ದಾರೆ, ಪಂದ್ಯಕ್ಕೆ ಬಿಡುವ, ಎಷ್ಟು ದೂರದಿಂದಲೂ ಗೂಡಿಗೇ ಮರಳುವ ಹೋಮರ್ ತಳಿಯವು. ಅವುಗಳಿಗೆ ದೂರವನ್ನು ಹಂತಹಂತವಾಗಿ ರೂಢಿ ಮಾಡಿಸಬೇಕು. ಮೊದಲು ಪಕ್ಕದ ಬಡಾವಣೆಯಿಂದ, ಆಮೇಲೆ ಊರ ಹೊರಗಿನಿಂದ, ಆಮೇಲೆ ಇನ್ನೂ ಆಚೆಯಿಂದ ಬಿಡಬೇಕು. ನಾವು ಮೈಸೂರು ರಸ್ತೆಯ ಕಡೆ ಹೊರಟರೆ ಹಿಂದಿನ ಸೀಟಿನ ಮೇಲೆ ಅವರ ಪಾರಿವಾಳದ ಬುಟ್ಟಿಯೂ ಇರುತ್ತದೆ, ಕಿಟಕಿ ತೆರೆದೇ ಇರುತ್ತದೆ. ರಾಮನಗರದಲ್ಲಿ ಬುಟ್ಟಿಯ ಮುಚ್ಚಳ ತೆಗೆದರೆ ಹಕ್ಕಿಗಳು ಮೇಲೇರಿ ಒಂದೆರಡು ಸುತ್ತು ಹೊಡೆದು ದಿಕ್ಕು ಹಿಡಿಯುತ್ತವೆ. ಮರಳುವಾಗ ನಾವು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿರುವಾಗಲೇ ಮೇಸ್ತ್ರಿಯ ಫೋನ್ ಬರುತ್ತದೆ: ಎಲ್ಲವೂ ಬಂದವು. ಒಮ್ಮೊಮ್ಮೆ ಒಂದು ಬಂದಿರುವುದಿಲ್ಲ. ಆ ದಿನ ಅವರ ದನಿ ಬೇರೆಯೇ ಇರುತ್ತದೆ, ಬಿಲ್ಲಿನ ಮಾತನ್ನು ಯಾರೂ ಎತ್ತುವುದಿಲ್ಲ. ನಲವತ್ತು ವರ್ಷ ಗ್ರೀಸಿನಲ್ಲಿ ಅದ್ದಿದ ಆ ಕೈ ಹಕ್ಕಿಯ ರೆಕ್ಕೆ ಬಿಡಿಸಿ ಒಂದೊಂದೇ ಗರಿ ನೋಡುವ ರೀತಿಯನ್ನು ಕಂಡವರು ಅವರನ್ನು ಬರಿಯ ಮೆಕ್ಯಾನಿಕ್ ಎಂದು ಕರೆಯಲಾರರು.

ಇನ್ನು ಮನೆಯವರ ಮಾತು. ನನ್ನ ಹೆಂಡತಿಗೆ ಕಾರ್ಬುರೇಟರ್ ಬೇಡ, ಹಕ್ಕಿ ಬೇಕು. ಚಳಿಗಾಲದಿಂದ ಬೇಸಿಗೆಯವರೆಗೆ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಅವಳೇ, ಮತ್ತು ಆ ತೀರ್ಮಾನ ಹೆಚ್ಚಾಗಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗೇ, ಮನೆಗಳ ಪಕ್ಕದ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರಿನವರು ಅವನ್ನು ಕಾಣುತ್ತಾರೆ. ನಮ್ಮ ಕಾರುಗಳನ್ನು ಊರ ಹೊರಗೆ ನಿಲ್ಲಿಸಿ ನಡೆದೇ ಒಳಗೆ ಹೋಗುತ್ತೇವೆ, ಹಾರ್ನ್ ಮುಟ್ಟುವುದಿಲ್ಲ. ಅವಳ ದುರ್ಬೀನಿಗಾಗಿ ಅಲ್ಲಿ ಗಂಡಸರು ಸರದಿಯಲ್ಲಿ ನಿಲ್ಲುತ್ತಾರೆ.

ಪದ್ಮಿನಿಯ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಗೇರು ನೆಲದಲ್ಲಿ ಇಲ್ಲದ ಕಾರಣ ನಡುವೆ ಇನ್ನೊಬ್ಬರು ಕೂರಬಹುದು. ನಮ್ಮ ತಲೆಮಾರಿನ ಎಷ್ಟೋ ಜನ ಅಪ್ಪ ಅಮ್ಮನ ನಡುವೆ ಕುಳಿತು ಊರು ಕಂಡದ್ದು ಅಲ್ಲಿಂದಲೇ. ಈಗ ಮಕ್ಕಳನ್ನು ಹಾಗೆ ಕೂರಿಸುವುದಿಲ್ಲ, ಕೂರಿಸಬಾರದು. ಹಿಂದಿನ ಸೀಟಿಗೆ ಬೆಲ್ಟ್ ಹಾಕಿಸಿದ್ದೇವೆ. ಕಾರಿನ ಮೂಲ ರೂಪ ಕೆಡುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಮಗುವಿನ ತಲೆಗಿಂತ ಮೂಲ ರೂಪ ದೊಡ್ಡದಲ್ಲ.

ಹಣದ ವಿಷಯದಲ್ಲೂ ನನಗೆ ಹಾಗೇ ಖಚಿತವಾದ ಅಭಿಪ್ರಾಯವಿದೆ. ಮಕ್ಕಳ ಶುಲ್ಕ ಬಾಕಿಯಿಟ್ಟು ಬಂಪರಿಗೆ ಕ್ರೋಮ್ ಹಾಕಿಸುವವರನ್ನು ನಮ್ಮ ಬಳಗ ಮೆಚ್ಚುವುದಿಲ್ಲ, ಮುಖಕ್ಕೇ ಹೇಳುತ್ತದೆ. ಈ ಕಾರು ಹುಟ್ಟಿದ್ದೇ ಸಂಸಾರಸ್ಥರಿಗಾಗಿ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪ್ರಧಾನಿಯಾದ ಮೇಲೆ, 1964ರಲ್ಲಿ, ಮನೆಯವರ ಆಸೆಗಾಗಿ ಫಿಯೆಟ್ ಕೊಂಡರು. ಬೆಲೆ 12,000 ರೂಪಾಯಿ, ಕೈಯಲ್ಲಿದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಬಾಕಿ ಇತ್ತು. ಲಲಿತಾ ಶಾಸ್ತ್ರಿಯವರು ಪಿಂಚಣಿಯಲ್ಲಿ ಅದನ್ನು ತೀರಿಸಿದರು. ಆ ಕಾರು ಇಂದಿಗೂ ದೆಹಲಿಯ ಅವರ ಸ್ಮಾರಕದಲ್ಲಿದೆ. ಫಿಯೆಟ್ ಎಂದರೆ ನನಗೆ ನೆನಪಾಗುವುದು ಆ ಗೃಹಿಣಿಯ ಕಂತುಗಳು.

ಕಾರಿನ ಒಲವು ಬೇರೆ ಒಲವುಗಳನ್ನು ನುಂಗುತ್ತದೆ ಎನ್ನುವವರು ಒಮ್ಮೆ ಧರ್ಮಸ್ಥಳಕ್ಕೆ ಹೋಗಿ ಬರಬೇಕು. ವೀರೇಂದ್ರ ಹೆಗ್ಗಡೆಯವರು ಹಳೆಯ ಕಾರುಗಳ ಸಂಗ್ರಹ ಬೆಳೆಸಿದ ಹಾಗೆಯೇ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಪುರಾತನ ವಸ್ತುಗಳನ್ನೂ ಕ್ಯಾಮೆರಾಗಳನ್ನೂ ಕೂಡಿಸಿದ್ದಾರೆ, ತಾಳೆಗರಿ ಗ್ರಂಥಗಳನ್ನೂ ಕಾಪಾಡಿದ್ದಾರೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಅವರು ಆರಂಭಿಸಿದ ‘ಪಯಣ’ ಕಾರು ಸಂಗ್ರಹಾಲಯಕ್ಕೆ ನಾವು ಹೋಗಿದ್ದಾಗ ಅಲ್ಲಿ ಹೆಚ್ಚು ಹೊತ್ತು ನಿಂತವರು ಕಾರಿನ ಒಲವಿಲ್ಲದ ನಮ್ಮ ಮನೆಮಂದಿಯೇ.

ಕೊನೆಯದಾಗಿ, ಕಾರು ಹೋದರೆ ಈ ಸ್ನೇಹವೂ ಹೋಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ನಮ್ಮಲ್ಲೊಬ್ಬರು ಮಗಳ ಓದಿಗಾಗಿ ಕಳೆದ ವರ್ಷ ತಮ್ಮ ಪದ್ಮಿನಿಯನ್ನು ಮಾರಿದರು. ಕೊಂಡವರೂ ಬಳಗದವರೇ. ಮುಂದಿನ ಭಾನುವಾರ ಅವರು ಬಸ್ಸಿನಲ್ಲಿ ಬಂದರು, ಇವತ್ತಿಗೂ ಬರುತ್ತಾರೆ. ಅವರ ಅಟ್ಟದ ಮೇಲೆ ಇನ್ನೂ ಎರಡು ಹೆಡ್‌ಲೈಟ್ ಮತ್ತು ಒಂದು ವಾಟರ್ ಪಂಪ್ ಇವೆ. ಬೇಕಾದವರು ಹೋಗಿ ತರಬಹುದು. ಮಗಳು ರಜೆಗೆ ಬಂದಾಗ ಹೋದರೆ ಒಳ್ಳೆಯದು, ಅವಳು ಚೆನ್ನಾಗಿ ಹಾಡುತ್ತಾಳೆ.