ಮಂಚ ಸರಿಸೋಕೆ ಎರಡು ನಿಮಿಷ

ಮನೆ ವೈರಿಂಗ್ ಕೆಲಸಕ್ಕೆ ಇಳಿದು ಹದಿನಾರು ವರ್ಷ ಆಯ್ತು. ಇಷ್ಟು ದಿನದಲ್ಲಿ ನನ್ನ ಕಣ್ಣೆದುರು ಶಾಕ್ ಹೊಡೆದು ಪೆಟ್ಟಾದವರಿಗಿಂತ ಏಣಿಯಿಂದ ಬಿದ್ದು ಪೆಟ್ಟಾದವರೇ ಜಾಸ್ತಿ. ಅದರಲ್ಲೊಬ್ಬ ನನ್ನ ಜೊತೆ ಕೆಲಸ ಕಲಿಯೋಕೆ ಬಂದಿದ್ದ ಹುಡುಗ.

ಅವತ್ತು ಒಂದು ರೂಮಿನಲ್ಲಿ ಗೋಡೆ ಮೇಲಿನ ಜಂಕ್ಷನ್ ಬಾಕ್ಸ್ ಬಿಚ್ಚಬೇಕಿತ್ತು. ಕೆಳಗೆ ಮಂಚ. ಮಡಚೋ ಏಣಿಯನ್ನು ಪೂರ್ತಿ ಅಗಲಿಸಿ ನಿಲ್ಲಿಸೋಕೆ ಜಾಗ ಇರಲಿಲ್ಲ. "ಅಣ್ಣ, ಮಂಚ ಸರಿಸೋಣ್ವಾ?" ಅಂತ ಅವನೇ ಕೇಳಿದ. "ಬೇಡ, ಐದು ನಿಮಿಷದ ಕೆಲಸ, ಹಂಗೇ ಗೋಡೆಗೆ ಒರಗಿಸು" ಅಂದೆ. ಆ ಮಾತು ನನ್ನದು.

ಮಡಚೋ ಏಣಿಯನ್ನು ಬಿಚ್ಚದೆ ಒರಗಿಸಿದರೆ ಅದರ ಕಾಲು ನೆಲಕ್ಕೆ ಸಮನಾಗಿ ಕೂರಲ್ಲ. ಅಡಿಯ ರಬ್ಬರ್ ಬುಷ್‌ನ ಅಂಚು ಮಾತ್ರ ತಾಗಿರುತ್ತೆ. ಅಲ್ಲಿ ಟೈಲ್ಸ್ ಬೇರೆ, ಅದರ ಮೇಲೆ ಬೆಳಗ್ಗೆ ಗೋಡೆ ಕಟಿಂಗ್ ಮಾಡಿದ್ದ ಸಿಮೆಂಟ್ ಧೂಳು, ಹಿಟ್ಟಿನ ಹಾಗೆ. ಹುಡುಗ ನಾಲ್ಕನೇ ಮೆಟ್ಟಿಲಿಗೆ ಕಾಲಿಟ್ಟ, ಏಣಿ ಬುಡದಲ್ಲಿ ಜಾರಿತು. ಅವನು ಬಿದ್ದದ್ದು ಐದಡಿಯಿಂದಲೂ ಇರಲಿಕ್ಕಿಲ್ಲ. ಕೈ ಊರಿದ, ಮಣಿಕಟ್ಟು ಮುರಿಯಿತು. ಬಲಗೈ. ಒಂದೂವರೆ ತಿಂಗಳು ಪ್ಲಾಸ್ಟರ್.

ಅವನ ಅಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. ಅದು ಇವತ್ತಿಗೂ ಕೊರೆಯುತ್ತೆ.

ಈಗ ಏಣಿ ಇಡೋ ಮೊದಲು ನೆಲ ಒರೆಸುತ್ತೇವೆ. ಮಡಚೋ ಏಣಿ ಅಂದ್ರೆ ಪೂರ್ತಿ ಅಗಲಿಸಿ, ನಡುವಿನ ಪಟ್ಟಿ ನೆಟ್ಟಗೆ ಕೂತಿದೆಯಾ ನೋಡೇ ಹತ್ತೋದು. ಒರಗಿಸೋ ಏಣಿಗೆ ಲೆಕ್ಕ ಸುಲಭ: ಗೋಡೆಗೆ ತಾಗೋ ಜಾಗ 12 ಅಡಿ ಎತ್ತರ ಇದ್ದರೆ ಬುಡ ಗೋಡೆಯಿಂದ 3 ಅಡಿ ದೂರ, ಅಂದ್ರೆ ನಾಲ್ಕಕ್ಕೆ ಒಂದು. ಟೇಪ್ ಇಲ್ಲದಿದ್ದರೆ ಏಣಿ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಮುಂದಕ್ಕೆ ಚಾಚಿ, ಅಂಗೈ ಭುಜದ ಮಟ್ಟದ ಮೆಟ್ಟಿಲಿಗೆ ಸಿಕ್ಕಿದರೆ ಸರಿಯಾಗಿದೆ. ತಾರಸಿಗೆ ಹತ್ತೋದಾದರೆ ಏಣಿ ಅಂಚಿನಿಂದ 3 ಅಡಿ ಮೇಲೆ ಬಂದಿರಬೇಕು, ಇಲ್ಲದಿದ್ದರೆ ಇಳಿಯುವಾಗ ಹಿಡಿಯೋಕೆ ಏನೂ ಇರಲ್ಲ. ಡ್ರಿಲ್ ಮಷಿನ್ ಕೈಯಲ್ಲಿ ಹಿಡಿದು ಹತ್ತೋದು ಬಿಟ್ಟಿದ್ದೇವೆ, ಮೇಲೆ ಹೋದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳುತ್ತೇವೆ. ಅಲ್ಯೂಮಿನಿಯಂ ಏಣಿಯನ್ನು ಸರ್ವಿಸ್ ವೈರ್, ಅಂದ್ರೆ ಕಂಬದಿಂದ ಮನೆಗೆ ಬರೋ ಕರೆಂಟ್ ವೈರ್ ಹತ್ತಿರ ಒಯ್ಯೋದೇ ಇಲ್ಲ.

ಬಿದಿರಿನ ಏಣಿ ಇಟ್ಟುಕೊಂಡವರಿಗೆ ಒಂದು ಮಾತು. ಅದಕ್ಕೆ ದಯವಿಟ್ಟು ಪೇಂಟ್ ಬಳಿಯಬೇಡಿ, ಬಿರುಕು ಬಿಟ್ಟರೆ ಕಾಣಲ್ಲ.

ಇನ್ನು ಮನೆಗಳಲ್ಲಿ ಹಬ್ಬದ ಮುಂಚೆ ಜೇಡರ ಬಲೆ ತೆಗೆಯೋಕೆ ಅಮ್ಮಂದಿರು ಪ್ಲಾಸ್ಟಿಕ್ ಕುರ್ಚಿ ಮೇಲೆ ಸ್ಟೂಲ್ ಇಟ್ಟು ಹತ್ತುತ್ತಾರೆ. ನೋಡಿದಾಗೆಲ್ಲ ಜೀವ ಝಲ್ ಅನ್ನುತ್ತೆ. ಏಣಿ ಇದ್ದರೂ ಒಂದೇ ಕಡೆ ನಿಂತು ಪಕ್ಕಕ್ಕೆ ವಾಲಿ ವಾಲಿ ಒರೆಸುತ್ತಾರೆ. ಹೊಟ್ಟೆ ಏಣಿಯ ಎರಡು ಕಾಲುಗಳ ನಡುವೆಯೇ ಇರಬೇಕು, ಅದಕ್ಕಿಂತ ಆಚೆ ಕೈ ಹೋಗಬೇಕು ಅಂದ್ರೆ ಇಳಿದು ಏಣಿ ಸರಿಸಬೇಕು ಅಷ್ಟೇ.

ಆ ಹುಡುಗ ಈಗಲೂ ನನ್ನ ಜೊತೆಗೇ ಇದ್ದಾನೆ. ರೂಮಿಗೆ ಕಾಲಿಟ್ಟ ಕೂಡಲೇ ನನ್ನನ್ನು ಕೇಳೋಕೆ ಹೋಗಲ್ಲ, ಮಂಚದ ಒಂದು ತುದಿ ಹಿಡಿದು ನಿಂತಿರುತ್ತಾನೆ. ಇನ್ನೊಂದು ತುದಿ ನಾನು ಹಿಡಿಯುತ್ತೇನೆ.